ಸಾಂಕ್ರಾಮಿಕದ ನಡುವೆ ಸರ್ಕಾರಿ ಶಾಲೆ ಮತ್ತೆ ತೆರೆಯೋದಾದರೆ ತಯಾರಿ ಎಲ್ಲಿಂದ ಶುರುಮಾಡಬೇಕು?

ಊರಿನ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಹೊಸದಾಗಿ ಸೇರಿದ್ದೀರಿ, ಮುಂದೆ ಕೊರೊನಾದಂಥದ್ದೇ ಇನ್ನೊಂದು ಬಂದರೆ ಶಾಲೆಯನ್ನು ಹೇಗೆ ತೆರೆಯಬೇಕು ಅಂತ ಈಗಲೇ ಬರೆದಿಡೋಣ ಎಂದುಕೊಂಡಿದ್ದೀರಿ, ಮೊದಲು ಏನು ಮಾಡಲಿ, ಎಷ್ಟು ದುಡ್ಡು ಬೇಕಾದೀತು ಅಂತ ಕೇಳಿದ್ದೀರಿ.

ಕಿಟಕಿಯಿಂದ ಶುರುಮಾಡಿ.

ತಮಾಷೆಗೆ ಹೇಳುತ್ತಿಲ್ಲ. ಕೊರೊನಾ ಕಾಲದಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕಿ. ಒಂದರಿಂದ ಏಳನೇ ತರಗತಿ, 112 ಮಕ್ಕಳು, ನಾನೂ ಸೇರಿ ನಾಲ್ವರು ಶಿಕ್ಷಕರು, ಐದು ಕೋಣೆ, ಅದರಲ್ಲಿ ಒಂದು ಸೋರುತ್ತಿತ್ತು. ಶಾಲೆ ತೆರೆಯುವ ಸುದ್ದಿಯ ಹಿಂದೆಯೇ ಭರ್ತಿ ಮಾಡಿ ಕಳಿಸಬೇಕಾದ ಒಂದು ನಮೂನೆ ಬಂತು. ಸ್ಯಾನಿಟೈಸರ್ ಎಷ್ಟು ಲೀಟರ್, ಥರ್ಮಲ್ ಸ್ಕ್ಯಾನರ್ ಎಷ್ಟು, ಮಾಸ್ಕ್ ಎಷ್ಟು, ಎಲ್ಲಕ್ಕೂ ಕಾಲಂ ಇತ್ತು. ಕಿಟಕಿಗೆ ಇರಲಿಲ್ಲ. ಆ ಸ್ಕ್ಯಾನರ್ ಗನ್ನು ಬೆಳಗಿನ ಚಳಿಯಲ್ಲಿ ಮಕ್ಕಳ ಹಣೆಗೆ ಹಿಡಿದರೆ 32 ಡಿಗ್ರಿ ತೋರಿಸುತ್ತಿತ್ತು. ಅಷ್ಟಿದ್ದರೆ ಮಗು ಶಾಲೆಗೆ ನಡೆದು ಬರುತ್ತಿರಲಿಲ್ಲ, ಹೊತ್ತು ತರಬೇಕಿತ್ತು. ಆದರೂ ದಿನಾ ರಿಜಿಸ್ಟರಿನಲ್ಲಿ ಬರೆದೆವು.

ಕೊರೊನಾ ಹೆಚ್ಚಾಗಿ ಹರಡಿದ್ದು ಮುಟ್ಟಿದ ಬೆಂಚಿನಿಂದಲ್ಲ, ಮುಚ್ಚಿದ ಜಾಗದಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಂಡಿದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆ ಈ ಮಾತನ್ನು ಬಿಡಿಸಿ ಹೇಳುವ ಹೊತ್ತಿಗೆ 2021 ಬಂದಿತ್ತು. ಅಷ್ಟರಲ್ಲಿ ನಾವು ನೆಲಕ್ಕೆ, ಗೋಡೆಗೆ, ಗೇಟಿಗೆ ಔಷಧಿ ಹೊಡೆಸಿ ಹೊಡೆಸಿ ಮೂಗು ಉರಿಸಿಕೊಂಡಿದ್ದೆವು.

ನಾನು ಮಾಡಿದ ಪರೀಕ್ಷೆ ಬಹಳ ಸರಳ. ಪ್ರತಿ ಕೋಣೆಯ ಮಧ್ಯೆ, ಮಗು ಕೂತಾಗ ಮೂಗು ಬರುವ ಎತ್ತರಕ್ಕೆ, ಒಂದು ಊದುಬತ್ತಿ ಹಚ್ಚಿಟ್ಟು ಹೊಗೆ ಎತ್ತ ಹೋಗುತ್ತದೆ ನೋಡುವುದು. ಮೂರು ಕೋಣೆಗಳಲ್ಲಿ ಹೊಗೆ ಎಳೆಯಾಗಿ ಕಿಟಕಿ ಕಡೆ ಹೋಯಿತು. ನಲಿ-ಕಲಿ ಕೋಣೆಯಲ್ಲಿ, ಅಂದರೆ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುವಲ್ಲಿ, ಹೊಗೆ ಮೇಲೆದ್ದು ಜಂತೆಯ ಕೆಳಗೆ ಹಾಗೇ ನಿಂತುಬಿಟ್ಟಿತು. ಒಂದು ಕಿಟಕಿಗೆ ಬೀರು ಅಡ್ಡ ಇತ್ತು, ಬೀರುವಿನಲ್ಲಿ ಹತ್ತು ವರ್ಷದ ಹಳೇ ಉತ್ತರ ಪತ್ರಿಕೆಗಳು. ಎದುರಿನ ಕಿಟಕಿಯ ಕಬ್ಬಿಣದ ರೆಕ್ಕೆಗಳು ಬಣ್ಣ ಬಳಿದಾಗಲೇ ಅಂಟಿಕೊಂಡು, ಮೇಲೆ ತುಕ್ಕು ಹಿಡಿದು, ಗೋಡೆಯದೇ ಭಾಗವಾಗಿದ್ದವು. ಸಂಜೆ ಸೀಮೆಎಣ್ಣೆ ಬಿಟ್ಟು, ಬೆಳಿಗ್ಗೆ ಬಂದು ಸುತ್ತಿಗೆಯಲ್ಲಿ ನಿಧಾನಕ್ಕೆ ತಟ್ಟಿ, ಮೂರನೇ ದಿನಕ್ಕೆ ತೆರೆದೆವು. ತೆರೆದರೆ ಆಚೆ ಪಕ್ಕದ ಮನೆಯವರ ಸೌದೆ ಒಟ್ಟಲು! ಅವರನ್ನು ಒಪ್ಪಿಸಿ ಅದನ್ನು ಸರಿಸಲು ಇನ್ನೊಂದು ವಾರ ಹಿಡಿಯಿತು. ನೋಡಿ, ಇಂಥವೇ ಯೋಜನೆಯಲ್ಲಿ ಇರಬೇಕಾದವು. ಸ್ಯಾನಿಟೈಸರ್ ಕ್ಯಾನು ಒಂದು ದಿನದಲ್ಲಿ ಬರುತ್ತದೆ, ಪಕ್ಕದ ಮನೆಯ ಸೌದೆ ಒಂದು ದಿನದಲ್ಲಿ ಹೋಗುವುದಿಲ್ಲ.

ಎರಡನೆಯದು ಹಗ್ಗ. ಆರಡಿ ಅಂತರ ಅಂತ ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗಲ್ಲ, ಆರಡಿ ಹಗ್ಗ ಕತ್ತರಿಸಿ ಕೋಣೆಯಲ್ಲಿ ಹಾಸಿ ನೋಡಬೇಕು. ನಮ್ಮ ಕೋಣೆ ಇಪ್ಪತ್ತಡಿಗೆ ಇಪ್ಪತ್ತಡಿ. ಸುಣ್ಣದಲ್ಲಿ ಚುಕ್ಕಿ ಇಟ್ಟರೆ ಹದಿನಾರು ಜಾಗ. ಬೋರ್ಡಿನ ಕಡೆಯ ಸಾಲು ಬಿಟ್ಟರೆ ಹನ್ನೆರಡು. ನಾಲ್ಕು ಕೋಣೆಗೆ 48, ಜಗುಲಿಯಲ್ಲಿ ಎಂಟು, ಒಟ್ಟು 56. ಸರಿಯಾಗಿ ಅರ್ಧ ಶಾಲೆ. ಹಾಗಾಗಿ ದಿನ ಬಿಟ್ಟು ದಿನ, ಎರಡು ಗುಂಪು.

ಗುಂಪು ಮಾಡುವುದರಲ್ಲೇ ನಾನು ಎಡವಿದ್ದು. ತರಗತಿವಾರು ಕರೆದರೆ ಒಂದೇ ಮನೆಯ ಅಣ್ಣ ಇವತ್ತು, ತಂಗಿ ನಾಳೆ. ಸೋಂಕಿದ್ದರೆ ಎರಡೂ ಗುಂಪಿಗೆ ತಲುಪುತ್ತದೆ. ಅದಕ್ಕೇ ಕೇರಿವಾರು ಕರೆಯೋಣ, ಹೇಗೂ ಸಂಜೆ ಒಟ್ಟಿಗೆ ಆಡುವ ಮಕ್ಕಳು ಅಂದುಕೊಂಡು ಪಟ್ಟಿ ಬರೆದೆ. ಲೆಕ್ಕ ಚೆನ್ನಾಗಿ ಕೂತಿತ್ತು, ನನಗೇ ಹೆಮ್ಮೆ. ಎಸ್‌ಡಿಎಂಸಿ ಸಭೆಯಲ್ಲಿ ಓದಿದೆ. ಕಾಲೊನಿಯ ಒಬ್ಬ ತಾಯಿ ಸದಸ್ಯೆ, ಅಲ್ಲಿಯವರೆಗೆ ಸಭೆಯಲ್ಲಿ ಒಂದು ಮಾತೂ ಆಡಿದವರಲ್ಲ, ಕೇಳಿದರು: "ಅಂಗಾದ್ರೆ ಮೇಡಮ್ಮೋರೆ, ನಮ್ ಮಕ್ಳು ಒಂದಿನ, ಊರಿನ್ ಮಕ್ಳು ಒಂದಿನವಾ?"

ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ನನಗೆ ಇದು ಹೊಳೆಯಬೇಕಿತ್ತು, ಯಾಕೆಂದರೆ ಒಂದು ವರ್ಷದ ಹಿಂದಷ್ಟೇ ಇನ್ನೊಂದು ರೂಪದಲ್ಲಿ ನೋಡಿದ್ದೆ. 2020ರ ಆಗಸ್ಟಿನಲ್ಲಿ, ಶಾಲೆ ಮುಚ್ಚಿದ್ದಾಗ, ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಾವೇ ಊರೊಳಗೆ ಹೋಗಿ ಮರದಡಿ, ಗುಡಿ ಜಗಲಿ, ಎಲ್ಲಿ ನೆರಳು ಸಿಕ್ಕಿತೋ ಅಲ್ಲಿ ಪಾಠ ಮಾಡಬೇಕಿತ್ತು. ಗುಡಿಯ ಜಗಲಿ ಅಗಲವಾಗಿತ್ತು, ಗಾಳಿ ಆಡುತ್ತಿತ್ತು, ಕೊರೊನಾ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಐದಾರು ಮಕ್ಕಳು ಮೆಟ್ಟಿಲ ಕೆಳಗೇ ನಿಂತಿದ್ದರು, ಬನ್ನಿ ಅಂದರೂ ಹತ್ತಲಿಲ್ಲ. ಮರುದಿನದಿಂದ ಹುಣಸೆ ಮರದಡಿ ಕೂತೆವು. ಬಯಲಲ್ಲಿ ಪಾಠ ಅನ್ನೋದು ಗಾಳಿಗೆ ಒಳ್ಳೆಯದೇ, ಯಾರ ಬಯಲು ಅಂತ ಮೊದಲು ಕೇಳಿಕೊಳ್ಳಿ.

ಕೊನೆಗೆ ಮನೆಯನ್ನು ಒಂದು ಘಟಕ ಮಾಡಿದೆವು. ಅಣ್ಣ ತಂಗಿ ಒಂದೇ ದಿನ, ಯಾವ ಮನೆ ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧಾರ. ಚೀಟಿ ಎತ್ತಿದ್ದು ಅದೇ ತಾಯಿ.

ಈಗ ನೀರು. ನಾಲ್ಕು ನಲ್ಲಿ ಇದ್ದವು. ಒಂದು ಮಗು ಸೋಪು ಹಚ್ಚಿ ತೊಳೆಯಲು ನಲವತ್ತು ಸೆಕೆಂಡು ಹಿಡಿಯಿರಿ. 112 ಮಕ್ಕಳೂ ಬರುವ ಕಾಲಕ್ಕೆ ಊಟದ ಮುಂಚೆ ಹೆಚ್ಚುಕಡಿಮೆ ಹತ್ತೊಂಬತ್ತು ನಿಮಿಷ ಸಾಲು. ಹಸಿದ ಮಕ್ಕಳು ಅಷ್ಟು ಹೊತ್ತು ದೂರ ದೂರ ನಿಲ್ಲುತ್ತಾರಾ? ಒಬ್ಬರ ಬೆನ್ನಿಗೆ ಒಬ್ಬರು ಅಂಟಿರುತ್ತಾರೆ. ಸೋಂಕು ತಡೆಯಲು ಮಾಡಿದ ಸಾಲಲ್ಲೇ ನೂಕುನುಗ್ಗಲು. ಪಂಚಾಯಿತಿಯವರನ್ನು ಹಿಡಿದು 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕಾಂಪೌಂಡ್ ಗೋಡೆಯುದ್ದಕ್ಕೆ ಪಿವಿಸಿ ಪೈಪ್ ಎಳೆಸಿ ಹತ್ತು ನಲ್ಲಿ ಹಾಕಿಸಿದೆವು. ಎಂಟು ನಿಮಿಷಕ್ಕೆ ಇಳಿಯಿತು. ಸೋಪು ಇಟ್ಟಲ್ಲಿ ಇರುತ್ತಿರಲಿಲ್ಲ, ಕಾಗೆಗಳೂ ಒಯ್ಯುತ್ತಿದ್ದವು, ಮಕ್ಕಳೂ. ಅಡುಗೆಯವರು ಈರುಳ್ಳಿ ಬರುವ ಬಲೆಚೀಲ ಕತ್ತರಿಸಿ, ಒಳಗೆ ಸೋಪು ಕಟ್ಟಿ, ನಲ್ಲಿಗೊಂದರಂತೆ ನೇತುಹಾಕಿದರು. ಬಲೆಯ ಮೇಲೆ ಕೈ ಉಜ್ಜಿದರೆ ನೊರೆ ಚೆನ್ನಾಗಿ ಬರುತ್ತದೆ, ಮಕ್ಕಳಿಗೆ ಅದೇ ಆಟ.

ಜ್ವರದ ಮಗುವನ್ನು ಕಳಿಸಬೇಡಿ ಅಂತ ಎಲ್ಲ ಸುತ್ತೋಲೆಗಳಲ್ಲೂ ಇರುತ್ತದೆ. ಕೂಲಿಗೆ ಹೋಗುವ ತಾಯಿ ಮಗುವನ್ನು ಯಾರ ಹತ್ತಿರ ಬಿಡಬೇಕು? ಬೆಳಿಗ್ಗೆ ಅರ್ಧ ಮಾತ್ರೆ ನುಂಗಿಸಿ ಕಳಿಸುತ್ತಾಳೆ, ಹತ್ತು ಗಂಟೆಗೆ ಗನ್ನಿನಲ್ಲಿ ಏನೂ ತೋರಿಸುವುದಿಲ್ಲ, ಎರಡು ಗಂಟೆಗೆ ಮಗು ಸುಡುತ್ತಿರುತ್ತದೆ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾಳೆ, ಅಷ್ಟೇ. ನಾವು ಮಾಡಿದ್ದು ಇಷ್ಟು: ಮನೆಯಲ್ಲಿ ಉಳಿದ ಮಗುವಿಗೂ ಬಿಸಿಯೂಟ ಉಂಟು, ಪಕ್ಕದ ಮನೆಯ ಮಗುವಿನ ಕೈಲಿ ಡಬ್ಬಿ ಕಳಿಸುತ್ತೇವೆ, ಬಾಗಿಲಲ್ಲಿಟ್ಟು ಬರುತ್ತಾರೆ ಅಂತ ಸಾರಿದೆವು. ನಿಯಮದ ಪುಸ್ತಕದಲ್ಲಿ ಇದೆಯೋ ಇಲ್ಲವೋ ನಾನು ಹುಡುಕಲು ಹೋಗಲಿಲ್ಲ. ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡು ಫೋನ್ ಮಾಡುವವರು ಹೆಚ್ಚಾದರು. ಪೂರ್ತಿ ಹಾಜರಾತಿಗೆ ಕೊಡುತ್ತಿದ್ದ ಬಹುಮಾನವನ್ನೂ ಆ ವರ್ಷ ಕೈಬಿಟ್ಟೆವು. ಎರಡು ಮೂರು ಮನೆಯ ಮಕ್ಕಳು ಒಟ್ಟಿಗೆ ಗೈರಾದರೆ ಹನ್ನೊಂದು ಗಂಟೆಯೊಳಗೆ ಆಶಾ ಕಾರ್ಯಕರ್ತೆಗೆ ಫೋನ್. ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಥರ್ಮಾಮೀಟರ್ ನಮ್ಮಲ್ಲಿರಲಿಲ್ಲ.

ಇನ್ನು ನಿಮ್ಮ ಕೈಲಿಲ್ಲದ, ಆದರೆ ಜೋರಾಗಿ ಕೇಳಬೇಕಾದ ಒಂದು ವಿಷಯ: ಯಾರನ್ನು ಮೊದಲು ಕರೆಯಬೇಕು ಅನ್ನುವುದು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದವು. ವಿದ್ಯಾಗಮ ಅಕ್ಟೋಬರಿನಲ್ಲಿ ನಿಂತಿತು. 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿಗೆ ಬಾಗಿಲು ತೆರೆಯಿತು, ಫೆಬ್ರವರಿಯಲ್ಲಿ ಆರರಿಂದ ಎಂಟರವರು ಬಂದರು, ಎರಡನೇ ಅಲೆಗೆ ಮತ್ತೆ ಬೀಗ. ಆ ಅಲೆಯಲ್ಲಿ ನಮ್ಮ ಕ್ಲಸ್ಟರಿನ ಒಬ್ಬ ಮೇಷ್ಟ್ರು ಹೋದರು, ಅದರ ಬಗ್ಗೆ ಇಲ್ಲಿ ಬರೆಯಲಾರೆ. ಆಗಸ್ಟ್ 23ಕ್ಕೆ, ಪಾಸಿಟಿವಿಟಿ (ಪರೀಕ್ಷೆ ಮಾಡಿಸಿದವರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಒಂದರಿಂದ ಐದನೆಯವರಿಗೆ ಅಕ್ಟೋಬರ್ 25. ಹತ್ತೊಂಬತ್ತು ತಿಂಗಳು!

ಪರೀಕ್ಷೆ ಇರುವವರು ಮೊದಲು ಅನ್ನುವ ಲೆಕ್ಕ ಅದು. ಡೆನ್ಮಾರ್ಕಿನಲ್ಲಿ 2020ರ ಏಪ್ರಿಲ್ ಮಧ್ಯದಲ್ಲೇ ಸಣ್ಣ ಮಕ್ಕಳನ್ನು ಮೊದಲು ಕರೆದರು, ಚಿಕ್ಕ ಚಿಕ್ಕ ಗುಂಪು ಮಾಡಿ, ಆದಷ್ಟು ಬಯಲಲ್ಲಿ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಬಲರಾಮ್ ಭಾರ್ಗವ ಕೂಡ 2021ರ ಜುಲೈನಲ್ಲಿ ತೆರೆಯುವುದಾದರೆ ಪ್ರಾಥಮಿಕ ಶಾಲೆಯನ್ನೇ ಮೊದಲು ತೆರೆಯಬಹುದು ಅಂದಿದ್ದರು. ಹತ್ತನೆಯವನು ಪುಸ್ತಕ ಹಿಡಿದು ಒಬ್ಬನೇ ಕೂರಬಲ್ಲ. ಆರು ವರ್ಷದ ಮಗುವಿಗೆ ಪುಸ್ತಕ ಓದಲಿಕ್ಕೆ ಬರುವಂತೆ ಮಾಡುವುದೇ ಶಾಲೆ. ಮೊಬೈಲ್ ಪಾಠದ ಮಾತು ಎತ್ತಬೇಡಿ. 2021ರ ಆಗಸ್ಟಿನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆದ 'ಸ್ಕೂಲ್' ಸಮೀಕ್ಷೆಯಲ್ಲಿ ಹಳ್ಳಿಯ ಮಕ್ಕಳ ಪೈಕಿ ಆನ್‌ಲೈನಿನಲ್ಲಿ ನಿಯಮಿತವಾಗಿ ಕಲಿಯುತ್ತಿದ್ದವರು ಶೇ 8. ಏನೂ ಓದದೆ ಇದ್ದವರು ಶೇ 37.

ಆ ಅಕ್ಟೋಬರ್ 25ರ ಬೆಳಿಗ್ಗೆ ಒಬ್ಬ ಹುಡುಗ ಬಂದ. ಶಾಲೆ ಮುಚ್ಚಿದಾಗ ಒಂದನೇ ತರಗತಿ, ತೆರೆದಾಗ ಮೂರನೆಯದು. ನಲಿ-ಕಲಿ ಕೋಣೆಗೆ ನೇರ ಹೋಗಿ, ಹಿಂದೆ ಒಂದನೆಯವರು ಕೂರುತ್ತಿದ್ದ ಮೂಲೆಯಲ್ಲಿ, ತನ್ನ ಹಳೇ ಜಾಗದಲ್ಲೇ ಕೂತ. ಮೂರನೆಯವರ ಕಡೆ ಬಾರೋ ಅಂದರೆ "ನಾನು ಒಂದನೇ ಕ್ಲಾಸು ಮಿಸ್" ಅಂದ. ನಲಿ-ಕಲಿಯ ಕಲಿಕಾ ಕಾರ್ಡು ತೋರಿಸಿದೆ. ಅದರ ಮೇಲಿನ ಪ್ರಾಣಿಯ ಚಿತ್ರ ಗುರುತಿಸಿ ಖುಷಿಯಿಂದ ಹೆಸರು ಹೇಳಿದ, ಕೆಳಗಿದ್ದ ಅಕ್ಷರವನ್ನು ನೋಡುತ್ತಲೇ ಇದ್ದ. ತಾನು ಒಂದನೇ ಕ್ಲಾಸು ಅಂತ ಅವನು ಹೇಳಿದ್ದು ಸರಿಯೇ ಇತ್ತು. ಯಾವ ಮಗು ಯಾವ ಹಂತದಲ್ಲಿದೆ ಅಂತ ತೋರಿಸುವ ಕಲಿಕಾ ಏಣಿಯಲ್ಲಿ ಅವನನ್ನು ಎಲ್ಲಿ ಬಿಟ್ಟಿದ್ದೆವೋ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿಂದ ಶುರುಮಾಡಿದೆವು. ಹಾಗಾಗಿ ನಿಮ್ಮ ಯೋಜನೆಯಲ್ಲಿ ಮೊದಲ ಒಂದು ತಿಂಗಳು ಹೊಸ ಪಾಠ ಇಲ್ಲ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಸರ್ಕಾರವೇ ಆಮೇಲೆ 2022ರಲ್ಲಿ ಶಾಲೆಗಳನ್ನು ಹದಿನೈದು ದಿನ ಮುಂಚೆ, ಮೇ 16ಕ್ಕೇ ಶುರುಮಾಡಿ ಆ ಇಡೀ ವರ್ಷ 'ಕಲಿಕಾ ಚೇತರಿಕೆ' ಅಂತ ನಡೆಸಿತು.

ತೆರೆಯಲು ಆಗುವುದೇ ಇಲ್ಲ ಅನ್ನುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಎರಡು ಸಂಗತಿ ನೆನಪಿಸಿ. 2020ರ ಜೂನ್ 25ರಿಂದ, ದೇಶವೆಲ್ಲ ಹೆದರಿ ಕೂತಿದ್ದಾಗ, ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಅದೇ ವರ್ಷ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮತಗಟ್ಟೆ ಎಲ್ಲಿತ್ತು ಅಂತ ಅವರನ್ನೇ ಕೇಳಿ. ನಮ್ಮ ನಲಿ-ಕಲಿ ಕೋಣೆಯಲ್ಲಿತ್ತು, ಕಿಟಕಿ ಮುಚ್ಚಿಕೊಂಡೇ.

ಮುಚ್ಚುವ ನಿಯಮವನ್ನೂ ಮೊದಲೇ ಬರೆದಿಡಿ: ಎಷ್ಟು ಮನೆಗೆ ಸೋಂಕು ಬಂದರೆ, ಎಷ್ಟು ದಿನ, ಯಾವ ಗುಂಪಿಗೆ. ಭಯ ಬಂದಾಗ ಬರೆಯಲು ಕೂತರೆ ಎಲ್ಲರೂ "ಪೂರ್ತಿ ಮುಚ್ಚಿ" ಅಂತಲೇ ಬರೆಸುತ್ತಾರೆ. ನಮ್ಮಲ್ಲಿ ಒಂದು ಸಲ ಒಂದು ಗುಂಪನ್ನು ಮಾತ್ರ ಏಳು ದಿನ ಮನೆಯಲ್ಲಿರಿಸಿದೆವು, ಇನ್ನೊಂದು ಗುಂಪು ಎಂದಿನಂತೆ ಬಂತು.

ದುಡ್ಡಿನ ವಿಷಯ ಕೇಳಿದ್ದಿರಲ್ಲ. ಪೈಪು, ನಲ್ಲಿ ಪಂಚಾಯಿತಿಯ ಲೆಕ್ಕಕ್ಕೆ ಹೋಯಿತು. ಶಾಲೆಯ ಕೈಯಿಂದ ಹೋದದ್ದು ಸುಣ್ಣ, ಹಗ್ಗ, ಸೋಪು, ಸೀಮೆಎಣ್ಣೆ, ಒಂದು ಕಟ್ಟು ಊದುಬತ್ತಿ. ಹಳೇ ಉತ್ತರ ಪತ್ರಿಕೆಗಳನ್ನು ವಿಲೇವಾರಿ ಮಾಡಲು ಮೇಲಿನಿಂದ ಅನುಮತಿ ಬೇಕಂತೆ, ಪತ್ರ ಬರೆದಿದ್ದೆ. ನಾನು ವರ್ಗವಾಗಿ ಬರುವಾಗಲೂ ಉತ್ತರ ಬಂದಿರಲಿಲ್ಲ, ಬೀರು ಸೋರುವ ಕೋಣೆಯಲ್ಲಿತ್ತು.