ಸ್ಕ್ಯಾನರ್ ಕೋಡ್ ತೋರಿಸಿದರೆ ಸೆನ್ಸರ್ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮದು 2014ರ ಪೆಟ್ರೋಲ್ ಕಾರು. ಕೆಲವು ದಿನದಿಂದ ಇಂಜಿನ್ ದೀಪ ಆರುತ್ತಲೇ ಇಲ್ಲ. ಓಡೋದರಲ್ಲಿ ಏನೂ ಫರಕಿಲ್ಲ. ಮಗ ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ಹಾಕಿದಾಗ ಪಿ0113 ಅನ್ನೋ ಕೋಡ್ ಬಂತು. ಗ್ಯಾರೇಜಿನಲ್ಲಿ ಸೆನ್ಸರ್ ಹೋಗಿದೆ ಅಂತಾರೆ. ಬದಲಿಸಬೇಕಾ?
– ಓದುಗರು, ಗದಗ

ಉತ್ತರ: ಈಗಲೇ ಬದಲಿಸಬೇಡಿ. ಯಾವ ಲೈನಿನಲ್ಲಿ ತೊಂದರೆ ಅನ್ನೋದನ್ನಷ್ಟೇ ಕೋಡ್ ಹೇಳುತ್ತದೆ. ಆ ಲೈನಿನಲ್ಲಿ ಸೆನ್ಸರ್ ಜೊತೆ ವೈರ್, ವೈರ್ ಸಿಕ್ಕಿಸುವ ಪ್ಲಗ್ ಅಂದರೆ ಕಪ್ಲರ್ ಕೂಡ ಇವೆ. ಕೆಟ್ಟಿದ್ದು ಯಾವುದು ಅಂತ ನಾವೇ ಹುಡುಕಬೇಕು.

ಪಿ0113 ಇಂಜಿನ್ ಎಳೆದುಕೊಳ್ಳುವ ಗಾಳಿಯ ಬಿಸಿ ಅಳೆಯುವ ಸೆನ್ಸರ್‌ನ ಲೈನಿಗೆ ಸೇರಿದ್ದು. ಅಲ್ಲಿ ವೋಲ್ಟೇಜ್ ಮಿತಿ ಮೀರಿದೆ. ಬಹಳ ಸಲ ಲೈನ್ ಎಲ್ಲೋ ಕಟ್ ಆಗಿರುತ್ತದೆ. ಸ್ಕ್ಯಾನರ್‌ನ ಮೊಬೈಲ್ ಆ್ಯಪ್‌ನಲ್ಲಿ ಲೈವ್ ಡೇಟಾ (ಆ ಕ್ಷಣದ ಅಳತೆಗಳು) ತೆರೆದು ಗಾಳಿಯ ತಾಪಮಾನ ನೋಡಿ. ಗದಗದ ಬಿಸಿಲಲ್ಲಿ ನಿಂತ ಗಾಡಿ ಮೈನಸ್ 40 ಡಿಗ್ರಿ ತೋರಿಸಿದರೆ ವೈರ್, ಕಪ್ಲರ್ ಇಲ್ಲವೇ ಸೆನ್ಸರ್ ಒಳಗೆ ಎಲ್ಲೋ ಲೈನ್ ಕಟ್ ಆಗಿರುವ ಸಾಧ್ಯತೆಯೇ ಹೆಚ್ಚು.

ಇತ್ತೀಚೆಗೆ ಏರ್ ಫಿಲ್ಟರ್ ಬಿಚ್ಚಿಸಿದ್ದಿರಾ? ನಮ್ಮ ಕಡೆ ಧೂಳು ಜಾಸ್ತಿ, ಮೇಲಿಂದ ಮೇಲೆ ಬಿಚ್ಚುತ್ತೇವೆ. ಆಗ ಪಕ್ಕದ ಕಪ್ಲರ್ ಸರಿಯಾಗಿ ಕೂರದೆ ಉಳಿಯುತ್ತದೆ. ಟಕ್ ಅನ್ನೋವರೆಗೂ ಒತ್ತಿ. ಪಿನ್ ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಹೊಲದ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರನ್ನೂ ಹುಡುಕಬೇಕು.

ಎಲ್ಲ ಸರಿಯಿದ್ದರೆ ಇನ್ನೊಂದು ಪರೀಕ್ಷೆ. ಇದು ಎರಡೇ ವೈರಿನ ಸೆನ್ಸರ್‌ಗೆ ಮಾತ್ರ. ಹೆಚ್ಚು ವೈರ್ ಇದ್ದರೆ ಕೈ ಹಾಕಬೇಡಿ. ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ, ವೈರ್ ಕಡೆಯ ಎರಡೂ ಪಿನ್‌ಗೆ ಸಣ್ಣ ತಂತಿ ಜೋಡಿಸಿ. ಇಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ. ಮೈನಸ್ 40 ಇದ್ದದ್ದು ನೂರು ಡಿಗ್ರಿ ದಾಟಿ ಜಿಗಿದರೆ ವೈರಿಂಗ್ ಚೆನ್ನಾಗಿದೆ, ಆಗ ಹೊಸ ಸೆನ್ಸರ್ ತನ್ನಿ. ಅಲ್ಲಾಡದಿದ್ದರೆ ವೈರ್ ಕಟ್ ಆಗಿದೆ. ಹೊಸ ಸೆನ್ಸರ್ ಹಾಕಿದರೂ ದೀಪ ಆರಲ್ಲ, ದುಡ್ಡು ದಂಡ.

ಇನ್ನೂ ಹಳೇ ಗಾಡಿಯವರಿಗೂ ಒಂದು ಮಾತು. 2000ದ ಆಸುಪಾಸಿನ ಕೆಲವು ಮಾರುತಿ ಕಾರುಗಳಿಗೆ ಈ ಸ್ಕ್ಯಾನರ್ ಹೊಂದಲ್ಲ. ಅವುಗಳಲ್ಲಿ ದೋಷ ಪತ್ತೆಗೆಂದೇ ಇರುವ ಡಯಾಗ್ನೋಸಿಸ್ ಕಪ್ಲರ್‌ನ ಎರಡು ಪಿನ್ ಜೋಡಿಸಿದರೆ ಇಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ. ಒಂದು ಮಿನುಗು, ಬಿಡುವು, ಎರಡು ಮಿನುಗು ಅಂದರೆ 12, ತಪ್ಪೇನಿಲ್ಲ ಎಂದು. ಯಾವ ಪಿನ್ ಅನ್ನೋದನ್ನು ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಮುಟ್ಟಿ. ಅಂದಾಜಿನಲ್ಲಿ ಬ್ಯಾಟರಿ ಪಿನ್‌ಗೆ ತಂತಿ ತಾಗಿದರೆ ಫ್ಯೂಸ್ ಅಷ್ಟೇ ಅಲ್ಲ, ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಎಂ) ಕೂಡ ಸುಡಬಹುದು.

ರಿಪೇರಿ ಆದ ಮೇಲೆ ಕೋಡ್ ಬರೆದಿಟ್ಟುಕೊಂಡು ಅಳಿಸಿ. ಹುಬ್ಬಳ್ಳಿಗೆ ಒಂದೆರಡು ಸಲ ಹೋಗಿ ಬಂದರೂ ದೀಪ ಬರಲಿಲ್ಲ ಅಂದರೆ ಕೆಲಸ ಮುಗಿಯಿತು.