ಇಂಗ್ಲೆಂಡಿಗೆ ಹೊರಡುವ ಮೊದಲು ಮಗನ ಕನ್ನಡ ಮಾತಿನ ಪರೀಕ್ಷೆ ಮಾಡಿಸಿ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ ಆರು ವರ್ಷ, ಎರಡು ಮೂರು ಪದ ಕೂಡಿಸಿ ಮಾತಾಡುತ್ತಾನೆ, ಕ್ಲಾಸಿನಲ್ಲಿ ಒಂದು ಕಡೆ ಕೂರುವುದಿಲ್ಲ. ಯಜಮಾನರಿಗೆ ಸ್ಕಿಲ್ಡ್ ವರ್ಕರ್ ವೀಸಾ ಆಗಿದೆ, ಸದ್ಯದಲ್ಲೇ ದಾವಣಗೆರೆ ಬಿಡುತ್ತೀರಿ. ಶಾಲೆಗೆ ಡಾಕ್ಟರ ರಿಪೋರ್ಟು ತೋರಿಸಬೇಕೋ, ತೋರಿಸಿದರೆ ಸೀಟು ತಪ್ಪೀತೋ ಎಂಬುದು ನಿಮ್ಮ ಚಿಂತೆ.

ತೋರಿಸಿ, ಒಂದನ್ನೂ ಮುಚ್ಚಿಡಬೇಡಿ. ಇಂಗ್ಲೆಂಡಿನ ಸರ್ಕಾರಿ ಶಾಲೆಯ ಸೀಟಿಗೆ ಅರ್ಜಿ ಹೋಗುವುದು ಸಾಮಾನ್ಯವಾಗಿ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ ಮೂಲಕ. ‘ಈ ಮಗುವನ್ನು ನಮ್ಮಿಂದ ನಿಭಾಯಿಸಲಾಗದು’ ಎಂಬ ಕಾರಣ ಕೊಟ್ಟು ಸಾಮಾನ್ಯ ಶಾಲೆ ಸೀಟು ನಿರಾಕರಿಸುವಂತಿಲ್ಲ. ಫೀ ಕಟ್ಟುವ ಖಾಸಗಿ ಶಾಲೆಯ ಮಾತು ಬೇರೆ. ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಕಾನೂನೇ ಬೇರೆ, ನಾನು ಹೇಳುತ್ತಿರುವುದು ಇಂಗ್ಲೆಂಡಿನದು ಮಾತ್ರ.

ನಮ್ಮ ಮಕ್ಕಳ ವಿಷಯ ಹೆಚ್ಚಾಗಿ ಕೆಡುವುದು ಸೀಟು ಸಿಕ್ಕ ಮೇಲೆ. ‘ಇಂಗ್ಲಿಷ್ ಹೊಸದಲ್ಲವೇ, ಒಂದು ವರ್ಷ ನೋಡೋಣ’ ಎನ್ನುತ್ತಾರೆ ಟೀಚರು. ಮನೆ ಭಾಷೆ ಬೇರೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಎನ್ನಬಾರದು ಅಂತ 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್ ಹೇಳುತ್ತದೆ. ಅದು ನ್ಯಾಯವೇ. ಆದರೆ ನಿಜವಾಗಿ ಮಾತು ತಡವಾದ ಮಗುವೂ ಈ ಗುಂಪಿನಲ್ಲೇ ಸೇರಿಹೋಗುತ್ತದೆ. ತೊಂದರೆ ಕನ್ನಡದಲ್ಲೂ ಇದೆ ಎಂದು ತೋರಿಸುವುದೊಂದೇ ದಾರಿ. ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ಅಲ್ಲಿ ಸಿಗುವುದು ಬಹಳ ಕಷ್ಟ, ದುಭಾಷಿಯನ್ನು ಕೂರಿಸಿ ಮಾಡಿದ ಪರೀಕ್ಷೆ ಅಷ್ಟು ನಿಖರವಾಗಿ ಬರುವುದಿಲ್ಲ.

ಆದ್ದರಿಂದ ದಾವಣಗೆರೆಯ ಸಿಆರ್‌ಸಿಯಲ್ಲೋ (ಅಂಗವಿಕಲರ ಪುನರ್ವಸತಿ ಕೇಂದ್ರ) ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಈಗಲೇ ಮಾತಿನ ಪರೀಕ್ಷೆ ಮಾಡಿಸಿ. ವರದಿ ಇಂಗ್ಲಿಷಿನಲ್ಲಿರಲಿ. ಪರೀಕ್ಷೆ ನಡೆದದ್ದು ಕನ್ನಡದಲ್ಲಿ, ಬೇರೆಯವರು ಹೇಳಿದ್ದನ್ನು ಮಗು ಅರ್ಥಮಾಡಿಕೊಳ್ಳುವುದು ಎಷ್ಟು ವರ್ಷದ ಮಟ್ಟದಲ್ಲಿದೆ, ಮಾತಾಡುವುದು ಎಷ್ಟರ ಮಟ್ಟದಲ್ಲಿದೆ ಎಂಬುದು ಬೇರೆಬೇರೆಯಾಗಿ ಅದರಲ್ಲಿ ಬರೆದಿರಬೇಕು. ಜೊತೆಗೆ ಕಿವಿ ಪರೀಕ್ಷೆಯ ಆಡಿಯೋಗ್ರಾಮ್, ಲಸಿಕೆ ಕಾರ್ಡು, ಶಾಲೆಯ ಪ್ರಗತಿ ಪತ್ರ, ವಿಶೇಷ ಅಗತ್ಯದ ಮಕ್ಕಳಿಗೆಂದು ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಶಿಕ್ಷಕರು ನೋಡಿದ್ದರೆ ಅವರ ಟಿಪ್ಪಣಿ ಇಟ್ಟುಕೊಳ್ಳಿ. ಮನೆಯಲ್ಲಿ ಆಟವಾಡುತ್ತಾ ಮಾತಾಡುವ ಎರಡು ಮೂರು ನಿಮಿಷದ ವಿಡಿಯೋಗಳೂ ಇರಲಿ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅಲ್ಲಿ ಕಾನೂನಿನ ಬಲವಿಲ್ಲ, ಆದರೂ ಕಡತದಲ್ಲಿರಲಿ. ಅಲ್ಲಿಗೆ ಹೋದ ಮೇಲೆ ಯಾರಾದರೂ ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದರೆ ಕೇಳಬೇಡಿ. ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ.

ಪ್ರತಿ ಸಾಮಾನ್ಯ ಸರ್ಕಾರಿ ಶಾಲೆಯಲ್ಲೂ ವಿಶೇಷ ಅಗತ್ಯದ (ಸೆನ್) ಮಕ್ಕಳ ಹೊಣೆ ಹೊತ್ತ ‘ಸೆನ್‌ಕೋ’ ಎಂಬ ಶಿಕ್ಷಕರು ಇರುತ್ತಾರೆ. ಸೇರಿದ ಮೊದಲ ವಾರವೇ ಅವರ ಭೇಟಿ ಕೇಳಿ, ವರದಿಯ ಪ್ರತಿ ಕೊಡಿ. ಮೊದಲ ಹಂತ ‘ಸೆನ್ ಸಪೋರ್ಟ್’, ಅಂದರೆ ಶಾಲೆಯೇ ಕೊಡುವ ನೆರವು. ಅದಕ್ಕೆ ಆಟಿಸಂ ಎಂಬ ಷರಾ ಬೇಕಿಲ್ಲ, ತೊಂದರೆ ಕಂಡರೆ ಸಾಕು. ಅಗತ್ಯ ಗುರುತಿಸುವುದು, ಯೋಜಿಸುವುದು, ಮಾಡುವುದು, ಪರಿಶೀಲಿಸುವುದು, ಹೀಗೆ ಸುತ್ತು ತಿರುಗುತ್ತದೆ. ವರ್ಷಕ್ಕೆ ಕನಿಷ್ಠ ಮೂರು ಬಾರಿ ನಿಮ್ಮನ್ನು ಕೂರಿಸಿ ಮಾತಾಡಬೇಕು. ಪ್ರತಿ ಸಭೆಯಾದ ದಿನವೇ ‘ಇಂದು ಒಪ್ಪಿಕೊಂಡದ್ದು ಇಷ್ಟು’ ಎಂದು ಒಂದು ಇಮೇಲ್ ಹಾಕಿ. ಬಾಯಿ ಮಾತಿಗೆ ಮುಂದೆ ಬೆಲೆ ಇರುವುದಿಲ್ಲ.

ಅಷ್ಟರಿಂದ ಸಾಲದಿದ್ದರೆ ಇಎಚ್‌ಸಿ ಪ್ಲಾನ್, ಅಂದರೆ ಮಗುವಿನ ಶಿಕ್ಷಣ, ಆರೋಗ್ಯ, ಆರೈಕೆಯ ಯೋಜನೆ. ಅಗತ್ಯವಿದ್ದರೆ 25 ವರ್ಷದವರೆಗೂ ನಡೆಯುವ, ಕಾನೂನಿನ ಬಲವಿರುವ ದಾಖಲೆ ಅದು. ಅರ್ಜಿಯನ್ನು ತಂದೆತಾಯಿಯೇ ನೇರವಾಗಿ ಕೌನ್ಸಿಲ್‌ಗೆ ಹಾಕಬಹುದು, ಶಾಲೆಯ ಅನುಮತಿ ಬೇಡ. ‘ಶಾಲೆ ಮೊದಲು ಮಗುವಿಗಾಗಿ ತನ್ನ ಬಜೆಟ್ಟಿನ 6,000 ಪೌಂಡ್ ಖರ್ಚು ಮಾಡಲಿ’ ಎಂದು ಕೌನ್ಸಿಲ್‌ನವರು ಹಿಂದಕ್ಕೆ ಕಳಿಸಲು ನೋಡುತ್ತಾರೆ. ಕಾನೂನಿನಲ್ಲಿ ಅಂಥ ಷರತ್ತಿಲ್ಲ. ಮಗುವಿಗೆ ವಿಶೇಷ ಅಗತ್ಯ ಇರಬಹುದೇ, ಪ್ಲಾನ್ ಮೂಲಕ ನೆರವು ಬೇಕಾಗಬಹುದೇ, ಇವೆರಡೇ ಪ್ರಶ್ನೆ. ಮಗುವಿನ ಅಗತ್ಯದ ಪರೀಕ್ಷೆ ಮಾಡುತ್ತೇವೋ ಇಲ್ಲವೋ ಎಂದು ಕೌನ್ಸಿಲ್ 6 ವಾರದೊಳಗೆ ಹೇಳಬೇಕು, 20 ವಾರದೊಳಗೆ ಅಂತಿಮ ಪ್ಲಾನ್ ಕೊಡಬೇಕು. 2024ರಲ್ಲಿ ಅರ್ಧಕ್ಕಿಂತ ಕಡಿಮೆ ಪ್ಲಾನ್‌ಗಳು ಮಾತ್ರ ಆ ಗಡುವಿನೊಳಗೆ ಬಂದವು. ಹಾಗಾಗಿ ಅರ್ಜಿ ಹಾಕಿದ ದಿನವನ್ನು ಬರೆದಿಟ್ಟುಕೊಂಡು ನೆನಪೋಲೆ ಕಳಿಸುತ್ತಲೇ ಇರಿ.

ಪ್ಲಾನಿನ ಕರಡು ಕೈಗೆ ಬಂದಾಗ ಅಭಿಪ್ರಾಯ ಹೇಳಲು ನಿಮಗೆ ಸಿಗುವುದು ಕನಿಷ್ಠ 15 ದಿನ. ಕಲಿಕೆಗೆ ಕೊಡುವ ನೆರವನ್ನು ಬರೆದಿರುವ ‘ಸೆಕ್ಷನ್ ಎಫ್’ ಅನ್ನು ಸಾಲು ಸಾಲಾಗಿ ಓದಿ. ‘ಅಗತ್ಯ ಬಿದ್ದಾಗ’, ‘ಅವಕಾಶವಿದ್ದರೆ’ ಎಂಬ ಮಾತುಗಳಿದ್ದರೆ ತೆಗೆಸಿ. ವಾರಕ್ಕೆ ಎಷ್ಟು ನಿಮಿಷ, ಯಾರಿಂದ, ಒಬ್ಬನಿಗೋ ಗುಂಪಿನಲ್ಲೋ ಎಂದು ಬರೆಸಿ. ಸ್ಪೀಚ್ ಥೆರಪಿಯೂ ಎಫ್‌ನಲ್ಲೇ ಇರಲಿ. ಅಲ್ಲಿದ್ದರೆ ಅದನ್ನು ಕೊಡಿಸುವುದು ಕೌನ್ಸಿಲ್‌ನ ಕರ್ತವ್ಯ, ಆರೋಗ್ಯದ ‘ಜಿ’ ವಿಭಾಗಕ್ಕೆ ಹೋದರೆ ಹಿಡಿತ ಸಡಿಲ.

ಕೌನ್ಸಿಲ್ ನಿರಾಕರಿಸಿದರೆ ಪತ್ರದ ತಾರೀಖಿನಿಂದ ಎರಡು ತಿಂಗಳೊಳಗೆ ಟ್ರಿಬ್ಯೂನಲ್‌ಗೆ (ನ್ಯಾಯಮಂಡಳಿ) ಹೋಗಬಹುದು, ಶುಲ್ಕವಿಲ್ಲ. ಅದಕ್ಕೆ ಮೊದಲು ಸಾಮಾನ್ಯವಾಗಿ ಮೀಡಿಯೇಶನ್ (ಸಂಧಾನ) ಸರ್ಟಿಫಿಕೇಟ್ ಬೇಕು. ಪ್ರತಿ ಕೌನ್ಸಿಲ್ ಪ್ರದೇಶದಲ್ಲೂ ಇರುವ ಸೆಂಡಿಯಾಸ್ ಎಂಬ ಸಲಹಾ ಸೇವೆ ಉಚಿತವಾಗಿ ಸಲಹೆ ಕೊಡುತ್ತದೆ, ಇಪ್ಸಿಯಾ ಸಂಸ್ಥೆಯ ಜಾಲತಾಣದಲ್ಲಿ ಮಾದರಿ ಪತ್ರಗಳಿವೆ.

ಇನ್ನು ವೀಸಾದ ಭಯ. ಶಾಲೆಯ ನೆರವು, ಇಎಚ್‌ಸಿ ಪ್ಲಾನ್ ಇವು ‘ಪಬ್ಲಿಕ್ ಫಂಡ್ಸ್’ (ವೀಸಾದವರು ಸಾಮಾನ್ಯವಾಗಿ ಪಡೆಯಬಾರದ ಸರ್ಕಾರಿ ಭತ್ಯೆಗಳು) ಲೆಕ್ಕಕ್ಕೆ ಬರುವುದಿಲ್ಲ, ಧೈರ್ಯವಾಗಿ ಕೇಳಿ. ಆದರೆ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್ ಎಂಬ ಭತ್ಯೆ ಆ ಲೆಕ್ಕಕ್ಕೆ ಬರುತ್ತದೆ. ವೀಸಾದ ಮೇಲೆ ಪಬ್ಲಿಕ್ ಫಂಡ್ಸ್ ಇಲ್ಲ ಎಂದಿದ್ದರೆ, ಯಾರು ಎಷ್ಟೇ ಒತ್ತಾಯಿಸಿದರೂ, ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಅದಕ್ಕೆ ಅರ್ಜಿ ಹಾಕಬೇಡಿ.