ಓವನ್ ಹಾಕಿದ್ರೆ ಬಟನ್ ಇರೋ ಪ್ಯಾನೆಲ್ ಸಿಕ್ಕಾಪಟ್ಟೆ ಬಿಸಿ ಆಗ್ತಿದೆ ಅಂದಿದ್ದಕ್ಕೆ

ಸರ್, ಓವನ್ 425 ಫ್ಯಾರನ್‌ಹೀಟ್‌ಗೆ ಇಟ್ಟು ಅರ್ಧ ಗಂಟೆ ಆದ್ರೆ ಪ್ಯಾನೆಲ್ ಮುಟ್ಟಕ್ಕೇ ಆಗಲ್ಲ, ಟಚ್ ಬಟನ್ನೂ ಕೆಲ್ಸ ಮಾಡಲ್ಲ ಅಂದ್ರಿ, ಆದ್ರೆ ಮೇಲಿನ ಒಲೆ ಮಾತ್ರ ಹಾಕಿದಾಗ ಏನೂ ತೊಂದ್ರೆ ಇಲ್ಲ ಅಂತಾನೂ ಬರ್ದಿದೀರಿ, ಹಾಗಾಗಿ ಪ್ಯಾನೆಲ್ ಹಿಂದಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಅಂತ ಈಗ್ಲೇ ದುಡ್ಡು ಸುರೀಬೇಡಿ. ನಂಗನ್ಸೋದು ಓವನ್ ಬಿಸಿಗಾಳಿ ಪ್ಯಾನೆಲ್ ಕಡೆ ನುಗ್ತಿದೆ.

ಮೊದ್ಲು ಬಾಗಿಲ ಸುತ್ತ ಇರೋ ಗ್ಯಾಸ್ಕೆಟ್ (ಬಿಸಿ ಹೊರಗೆ ಬರ್ದಂಗೆ ತಡೆಯೋ ಸೀಲ್ ಪಟ್ಟಿ) ನೋಡಿ, ಅದ್ರಲ್ಲೂ ಮೇಲಿನ ಮೂಲೆಗಳು. ತಣ್ಣಗಿರುವಾಗ ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ಸೀಲ್ ಸಡಿಲ ಆಗಿದೆ. ಕೆಳಗಡೆ ಗ್ಯಾಪ್ ಕಂಡ್ರೆ ಗಾಬರಿ ಬೇಡ, ಕೆಲವು ಮಾಡೆಲಲ್ಲಿ ಗಾಳಿ ಹೋಗ್ಲಿ ಅಂತ ಬೇಕಂತ್ಲೇ ಬಿಟ್ಟಿರ್ತಾರೆ.

ನಿಮ್ದು ಮುಂದ್ಗಡೆ ಪ್ಯಾನೆಲ್ ಇರೋ ಸ್ಲೈಡ್-ಇನ್ (ಕೌಂಟರ್ ನಡುವೆ ಕೂರಿಸೋ ಓವನ್-ಒಲೆ) ಅಲ್ವಾ, ಅಂಥದ್ರಲ್ಲಿ ಸಾಮಾನ್ಯವಾಗಿ ಒಂದು ಕೂಲಿಂಗ್ ಫ್ಯಾನ್ ಇರುತ್ತೆ, ಓವನ್ ಕಾದ್ಮೇಲೆ ಗುಂಯ್ ಅಂತ ಸದ್ದು ಬರ್ಬೇಕು, ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ತಿರುಗುತ್ತೆ. ಸದ್ದೇ ಇಲ್ಲಾಂದ್ರೆ ಜಿಡ್ಡು ಹಿಡ್ದು ಸಿಕ್ಕೊಂಡಿರ್ಬೇಕು ಇಲ್ಲಾ ಮೋಟ್ರು ಹೋಗಿರ್ಬೇಕು, ನನ್ನ ಅನುಮಾನ ಜಾಸ್ತಿ ಇದ್ರ ಮೇಲೇನೇ. ಓವನ್ ತಳಕ್ಕೆ ಫಾಯಿಲ್ ಹಾಸಿದ್ರೆ (ನಮ್ಮವ್ರು ತುಂಬಾ ಜನ ಹಾಸ್ತಾರೆ) ತೆಗೀರಿ, ಗಾಳಿ ಓಡಾಡೋ ದಾರಿ ಮುಚ್ಚೋಗುತ್ತೆ.

ಸರಿ ಆಗೋವರ್ಗೂ ಸೆಲ್ಫ್ ಕ್ಲೀನ್ (ಓವನ್ ತಾನೇ ಕಾದು ಒಳಗಿನ ಜಿಡ್ಡು ಸುಡೋ ಬಟನ್) ಮಾತ್ರ ಒತ್ಲೇಬೇಡಿ, ಅದು ಇನ್ನೂ ಸಿಕ್ಕಾಪಟ್ಟೆ ಬಿಸಿ. ಸ್ಕ್ರೂ ಬಿಚ್ಚೋ ಮುಂಚೆ ಬ್ರೇಕರ್ ಆಫ್ ಮಾಡಿ, 240 ವೋಲ್ಟ್ ಅದು. ವೈರ್ ಸುಟ್ಟ ವಾಸನೆ ಇದ್ರೆ ನೀವು ಕೈ ಹಾಕ್ದೆ ಟೆಕ್ನಿಷಿಯನ್ ಕರೀರಿ, ಬಾಡಿಗೆ ಮನೆ ಆದ್ರೆ ಓನರ್‌ಗೆ ಇವತ್ತೇ ಒಂದು ಮೇಲ್ ಹಾಕ್ಬಿಡಿ.